ಎಕ್ಸ್‌ಇ268ಎಚ್ ಕ್ಯಾಮ್, 3.73 ಗೇರ್: ಹಳೇ ಕಮಾರೋದಲ್ಲಿ ದೀರ್ಘ ಬಳಕೆಯ ನಂತರ

ಗಾಡಿ 1974ರ ಷೆವ್ರೊಲೆ ಕಮಾರೋ. 350 ಕ್ಯೂಬಿಕ್ ಇಂಚಿನ ವಿ8, ಟರ್ಬೊ 350 ಮೂರು ಗೇರಿನ ಆಟೊಮ್ಯಾಟಿಕ್, ಹಿಂದೆ ಎಂಟೂವರೆ ಇಂಚಿನ 10 ಬೋಲ್ಟ್ ಆಕ್ಸಲ್. ಹಾಕಿರುವುದು ಕಾಂಪ್ ಕ್ಯಾಮ್ಸ್‌ನ ಎಕ್ಸ್‌ಇ268ಎಚ್ ಹೈಡ್ರಾಲಿಕ್ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ತೆರೆಸುವ ದಂಡ), ಮತ್ತು ಹಿಂದಿನ ಆಕ್ಸಲ್‌ನಲ್ಲಿ 3.08 ಗೇರ್ ಅನುಪಾತ ತೆಗೆದು 3.73ರ ಕ್ರೌನ್-ಪಿನಿಯನ್.

ಎರಡನ್ನೂ ಒಟ್ಟಿಗೆ ಹಾಕುವುದಾದರೆ ಕಣ್ಣುಮುಚ್ಚಿ ಹಾಕಿ. ಕ್ಯಾಮ್ ಮಾತ್ರ ಬದಲಿಸಿ 3.08 ಹಾಗೇ ಉಳಿಸುವುದಾದರೆ ಬೇಡ. 0.050 ಇಂಚು ಲಿಫ್ಟ್‌ನಲ್ಲಿ ಅಳೆದರೆ ಇದರ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಡಿಗ್ರಿಯಲ್ಲಿ) ಇನ್‌ಟೇಕ್‌ಗೆ 224 ಡಿಗ್ರಿ, ಎಗ್ಸಾಸ್ಟ್‌ಗೆ 230. ವಾಲ್ವ್ ಲಿಫ್ಟ್ 0.477 ಮತ್ತು 0.480 ಇಂಚು. ಎಳೆತ ಶುರುವಾಗುವುದೇ 1,600 ಆರ್‌ಪಿಎಂ ಮೇಲೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಡಿಮೆ ಆರ್‌ಪಿಎಂನಲ್ಲಿ ಪಿಸ್ಟನ್ ಮೇಲೇರುವಾಗ ಒಂದಿಷ್ಟು ಮಿಶ್ರಣ ಮ್ಯಾನಿಫೋಲ್ಡ್‌ಗೇ ವಾಪಸ್ ಹೋಗುತ್ತದೆ. ಆ ಕಾಲದ 8.5:1 ಕಂಪ್ರೆಶನ್ ಎಂಜಿನ್‌ಗೆ ಈ ನಷ್ಟ ತಡೆದುಕೊಳ್ಳುವುದು ಕಷ್ಟ, 9ರಿಂದ 9.5 ಇದ್ದರೆ ಚೆನ್ನ. ಗೇರೂ ಟಾರ್ಕ್ ಕನ್ವರ್ಟರೂ (ಎಂಜಿನ್‌ಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವಿನ ದ್ರವದ ಜೋಡಣೆ) ಕಂಪನಿಯದೇ ಇರಲಿ ಎನ್ನುವವರಿಗೆ ಎಕ್ಸ್‌ಇ262ಎಚ್ (218/224) ಊರೊಳಗೆ ಹೆಚ್ಚು ಪಿಕಪ್ ಕೊಡುತ್ತದೆ. 268ಕ್ಕೆ 2,000ದಿಂದ 2,400 ಸ್ಟಾಲ್ ಕನ್ವರ್ಟರ್ (ಗಾಡಿ ನಿಂತಿರುವಾಗಲೇ ಎಂಜಿನ್ ಅಷ್ಟು ಆರ್‌ಪಿಎಂಗೆ ಏರಲು ಬಿಡುವುದು) ಬೇಕೇ ಬೇಕು.

ಗೇರ್ ಲೆಕ್ಕ ಸುಲಭ: ಗಂಟೆಗೆ ಮೈಲಿ × ಗೇರ್ × 336, ಭಾಗಿಸು ಟೈರಿನ ಎತ್ತರ ಇಂಚಿನಲ್ಲಿ. 26 ಇಂಚಿನ ಟೈರಿನಲ್ಲಿ 70 ಮೈಲಿಗೆ, ಅಂದರೆ ಸುಮಾರು 112 ಕಿ.ಮೀ.ಗೆ, 3.08ರಲ್ಲಿ 2,790 ಆರ್‌ಪಿಎಂ; 3.73ರಲ್ಲಿ 3,370. ಲಾಕಪ್ ಇಲ್ಲದ ಕನ್ವರ್ಟರ್ ಜಾರುವುದರಿಂದ ನಿಜಕ್ಕೂ ಇನ್ನಷ್ಟು ಹೆಚ್ಚು. ಈ ಜೋಡಿಯ ಬಗ್ಗೆ ನನ್ನ ದೂರು ಇದೊಂದೇ: ಹೈವೇಯಲ್ಲಿ ಗದ್ದಲ, ಪೆಟ್ರೋಲ್ ಖರ್ಚು. 700ಆರ್4 ಗೇರ್‌ಬಾಕ್ಸ್ ಕೂರಿಸಿದರೆ ಅದರ 0.70 ಓವರ್‌ಡ್ರೈವ್‌ನಲ್ಲಿ ಇದೇ ವೇಗಕ್ಕೆ 2,360 ಸಾಕು, ಮೊದಲ ಗೇರೂ 2.52ರ ಬದಲು 3.06. ಇನ್ನೊಂದು ಮಾತು: ನೋಟಕ್ಕೆಂದು 28 ಇಂಚಿನ ಟೈರ್ ಹಾಕಿದರೆ ನಿಮ್ಮ 3.73 ಗೇರ್ 3.46ರಂತೆ ವರ್ತಿಸುತ್ತದೆ. ಮೊದಲು ಟೈರ್, ಆಮೇಲೆ ಗೇರ್, ಕೊನೆಗೆ ಕ್ಯಾಮ್.

ಐಡಲಿಂಗ್ ಸರಿಯಿಲ್ಲ ಎಂದು ಕ್ಯಾಮ್ ಬೈಯುವವರಲ್ಲಿ ಬಹಳ ಜನ ಟೈಮಿಂಗ್ ಮುಟ್ಟಿರುವುದೇ ಇಲ್ಲ. ಹಳೇ ಇನಿಶಿಯಲ್ ಟೈಮಿಂಗ್‌ನಲ್ಲಿ (ಐಡಲಿಂಗ್‌ನಲ್ಲಿ ಸ್ಪಾರ್ಕ್ ಎಷ್ಟು ಡಿಗ್ರಿ ಮುಂಚೆ ಬರುತ್ತದೆ ಎಂಬುದು) ಐಡಲಿಂಗ್ ಹಿಡಿಯದೆ ಎಂಜಿನ್ ಆಫ್ ಆಗುತ್ತದೆ. ಆಫ್ ಆಗದಿರಲೆಂದು ಕಾರ್ಬ್ಯುರೇಟರ್‌ನ ಐಡಲ್ ಸ್ಕ್ರೂ ಏರಿಸುತ್ತಾರೆ. ಥ್ರಾಟಲ್ ಪ್ಲೇಟ್ ಅತಿಯಾಗಿ ತೆರೆದು ಟ್ರಾನ್ಸ್‌ಫರ್ ಸ್ಲಾಟ್‌ನಿಂದಲೇ (ಪ್ಲೇಟ್ ಪಕ್ಕದ, ಐಡಲಿಂಗ್‌ನಲ್ಲಿ ಬಹುಪಾಲು ಮುಚ್ಚಿರಬೇಕಾದ ಸೀಳು) ಪೆಟ್ರೋಲ್ ಹರಿಯತೊಡಗುತ್ತದೆ. ಆಮೇಲೆ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಇನಿಶಿಯಲ್ 14ರಿಂದ 16 ಡಿಗ್ರಿ ಇಟ್ಟು, ಒಟ್ಟು 34ರಿಂದ 36 ದಾಟದಂತೆ ಡಿಸ್ಟ್ರಿಬ್ಯೂಟರ್‌ನ ಮೆಕ್ಯಾನಿಕಲ್ ಅಡ್ವಾನ್ಸ್ ಮಿತಿಗೊಳಿಸಿ. ಬಳಿಕ ಬ್ರೇಕ್ ಒತ್ತಿ, ಗೇರ್ ಡ್ರೈವ್‌ನಲ್ಲಿಟ್ಟು (ಡಿ) ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಅಳೆಯಿರಿ. ತೀರಾ ಕಡಿಮೆಯಾದರೆ ಟ್ರಾಫಿಕ್‌ನಲ್ಲಿ ಮತ್ತೆ ಮತ್ತೆ ಬ್ರೇಕ್ ತುಳಿಯುವಾಗ ಪೆಡಲ್ ಗಟ್ಟಿಯಾಗುತ್ತದೆ. ಆಗ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಟ್ಯಾಂಕ್ ಸೇರಿಸಬೇಕು.

ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಹಾಳಾಗುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ. ಲಿಫ್ಟರ್ (ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗೆ ತಳ್ಳುವ ಬಿಡಿಭಾಗ) ಹೊಸದೇ ಆಗಬೇಕು, ಹಳೆಯದು ಹೊಸ ಲೋಬ್ ಅನ್ನು (ಕ್ಯಾಮ್‌ನ ಉಬ್ಬು) ತಿಂದುಹಾಕುತ್ತದೆ. ಲೋಬ್‌ಗೂ ಲಿಫ್ಟರ್ ತಳಕ್ಕೂ ಮಾಲಿಬ್ಡಿನಮ್ (ಮಾಲಿ) ಪೇಸ್ಟ್ ಬಳಿಯಿರಿ. ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ 20–30 ನಿಮಿಷ ಓಡಿಸಿ, ನಡುವೆ ಐಡಲಿಂಗ್ ಬೇಡ. ಲೋಬ್‌ಗೆ ಎಣ್ಣೆ ಚಿಮ್ಮುವುದು ಕ್ರ್ಯಾಂಕ್ ತಿರುಗುವ ರಭಸದಿಂದ. ಐಡಲಿಂಗ್‌ನಲ್ಲಿ ಅದು ಸಾಲುವುದಿಲ್ಲ. ಆಮೇಲೂ ಜಿಂಕ್ ಹೆಚ್ಚಿರುವ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ. ಹಳೇ ವಾಲ್ವ್ ಸ್ಪ್ರಿಂಗ್ ಈ ಕ್ಯಾಮ್‌ಗೆ ಆಗದು. ಹೊಸದನ್ನು ಕೂರಿಸುವಾಗ ಪೂರ್ತಿ ಲಿಫ್ಟ್‌ನಲ್ಲೂ ರಿಟೈನರ್‌ಗೂ (ಸ್ಪ್ರಿಂಗ್ ಮೇಲಿನ ಬಿಲ್ಲೆ) ವಾಲ್ವ್ ಗೈಡ್‌ನ ಸೀಲ್‌ಗೂ ನಡುವೆ 0.060 ಇಂಚು ಉಳಿಯುತ್ತದೆಯೇ ನೋಡಿ. ಕಂಪನಿ ಹೆಡ್‌ಗಳಲ್ಲಿ ಹಲವು ಬಾರಿ ಗೈಡ್ ಕೊರೆಸಲೇಬೇಕಾಗುತ್ತದೆ.

ಆಕ್ಸಲ್ ಕೆಲಸ ಅಷ್ಟು ಗೋಜಲಲ್ಲ. ಈ 10 ಬೋಲ್ಟ್‌ನಲ್ಲಿ 2.73 ಮತ್ತು ಅದಕ್ಕಿಂತ ಮೇಲಿನ ಗೇರ್‌ಗಳಿಗೆಲ್ಲ ಒಂದೇ ಕ್ಯಾರಿಯರ್ (ಕ್ರೌನ್ ಗೇರನ್ನು ಹೊತ್ತಿರುವ ಕವಚ), ಹಾಗಾಗಿ 3.08ರ ಕ್ಯಾರಿಯರ್ 3.73ಕ್ಕೂ ಆಗುತ್ತದೆ. ಕ್ರೌನ್ ಬೋಲ್ಟ್‌ಗಳು ಎಡಗೈ ಥ್ರೆಡ್‌ನವು, ಬಿಚ್ಚುವಾಗ ಎಚ್ಚರ. ಕ್ರೌನ್-ಪಿನಿಯನ್ ಹಲ್ಲುಗಳ ನಡುವಿನ ಪ್ಲೇ 0.006ರಿಂದ 0.010 ಇಂಚಿನೊಳಗಿರಲಿ, ಹಲ್ಲಿನ ಗುರುತನ್ನು ಬಣ್ಣ ಹಚ್ಚಿ ನೋಡಿಯೇ ಮುಚ್ಚಿ. ಮೊದಲ ಓಟದಲ್ಲಿ 15–20 ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ಆರಲು ಬಿಡಿ. ಹೀಗೆ ಒಂದಷ್ಟು ಸಲ ಮಾಡಿ. ಬಿಸಿ ಏರಿದರೆ ಹಲ್ಲಿನ ಮೇಲ್ಮೈ ಮೆತ್ತಗಾಗಿ, ಆಮೇಲೆ ಶುರುವಾಗುವ ಗುಂಯ್ ಸದ್ದು ಯಾವ ಆಯಿಲ್‌ಗೂ ಹೋಗುವುದಿಲ್ಲ. ಗೇರ್‌ಬಾಕ್ಸ್‌ನ ಸ್ಪೀಡೋಮೀಟರ್ ಗೇರನ್ನೂ ಬದಲಿಸಿ, ಇಲ್ಲದಿದ್ದರೆ ಮೀಟರ್ ಶೇ. 21ರಷ್ಟು ಹೆಚ್ಚು ತೋರಿಸುತ್ತದೆ, ಓಡಿದ ಮೈಲಿಯೂ ಅಷ್ಟೇ ತಪ್ಪಾಗಿ ದಾಖಲಾಗುತ್ತದೆ.