ಸತ್ತವರು ಏಳುವರೇ? ಬೀದರಿನ ಶನಿವಾರದ ತರಗತಿಗಳ ವಿಮರ್ಶೆ

ಬೀದರಿನ ಹಳೆಯ ಊರಿನ ಸಭಾಂಗಣವೊಂದರಲ್ಲಿ ಶನಿವಾರ ಸಂಜೆಗಳಲ್ಲಿ ನಡೆದ ಈ ತರಗತಿಗಳ ವಿಷಯ ದೇವರ ನ್ಯಾಯತೀರ್ಪು, ಸತ್ತವರ ಪುನರುತ್ಥಾನ ಮತ್ತು ಪರಲೋಕ. ಯೇಸುವನ್ನು ಮೆಸ್ಸೀಯನೆಂದು, ಅಂದರೆ ಯೆಹೂದ್ಯರು ಎದುರುನೋಡುವ ರಕ್ಷಕನೆಂದು, ಒಪ್ಪಿಕೊಂಡೂ ಸಬ್ಬತ್ತು (ವಾರದ ಏಳನೆಯ ದಿನದ ವಿಶ್ರಾಂತಿ), ಪಸ್ಕ (ಐಗುಪ್ತದ ದಾಸತ್ವದಿಂದಾದ ಬಿಡುಗಡೆಯ ಹಬ್ಬ) ಮೊದಲಾದ ಯೆಹೂದ್ಯ ಆಚರಣೆಗಳನ್ನು ಬಿಡದೆ ನಡೆಸಿಕೊಂಡು ಬರುವ ಮೆಸ್ಸಿಯಾನಿಕ್ ಪಂಥದ ದೃಷ್ಟಿಯಿಂದ ಇಡೀ ಪಾಠಕ್ರಮವನ್ನು ರೂಪಿಸಲಾಗಿದೆ. ಈ ಪಂಥದ ಇಂದಿನ ರೂಪವು ಬಹಳ ಹಳೆಯದೇನಲ್ಲ. ಅಮೆರಿಕದಲ್ಲಿ 1915ರಲ್ಲಿ ಹೀಬ್ರೂ ಕ್ರೈಸ್ತರ ಒಕ್ಕೂಟವಾಗಿ ಹುಟ್ಟಿದ ಸಂಸ್ಥೆಯು 1975ರಲ್ಲಷ್ಟೇ ಮೆಸ್ಸಿಯಾನಿಕ್ ಎಂಬ ಹೆಸರನ್ನು ಧರಿಸಿತು. ಯೆಹೂದ್ಯ ಧರ್ಮದ ಮುಖ್ಯ ಪಂಗಡಗಳು ಇವರನ್ನು ತಮ್ಮವರೆಂದು ಒಪ್ಪುವುದಿಲ್ಲ. ಮೊದಲ ದಿನವೇ ಹೇಳಬೇಕಾಗಿದ್ದ ಈ ಸಂಗತಿಯನ್ನು, ಶ್ರೋತೃಗಳೊಬ್ಬರು ನೇರವಾಗಿ ಕೇಳಿದ ಮೇಲೆ, ಅದೂ ಅರ್ಧ ಪಾಠಕ್ರಮ ಮುಗಿದಾಗ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಾಯಿತು.

ಆರಂಭದ ತರಗತಿಗಳು ಮಾತ್ರ ಅತ್ಯುತ್ತಮವಾಗಿದ್ದವು. ಪುನರುತ್ಥಾನದ ನಂಬಿಕೆಯು ಒಂದೇ ಸಲಕ್ಕೆ ಆಕಾಶದಿಂದ ಇಳಿದದ್ದೆಂದು ಹೇಳದೆ, ಅದು ಯಾವ ಸಂಕಟದಿಂದ ಬೆಳೆಯಿತೆಂಬುದನ್ನು ಉಪನ್ಯಾಸಕರು ತಾಳ್ಮೆಯಿಂದ ಬಿಡಿಸಿದರು. ಹಳೆಯ ಒಡಂಬಡಿಕೆಯ ಹೆಚ್ಚಿನ ಭಾಗದಲ್ಲಿ ಸತ್ತವರೆಲ್ಲರೂ, ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ, ಪಾತಾಳಕ್ಕೆ ಇಳಿಯುತ್ತಾರೆ. ಯೆಹೆಜ್ಕೇಲನು ಕಂಡ ಒಣಮೂಳೆಗಳ ಕಣಿವೆಯೂ, ಆ ಅಧ್ಯಾಯವೇ ಹೇಳುವಂತೆ, ಬಾಬಿಲೋನಿನ ಸೆರೆಯಲ್ಲಿದ್ದ ಇಸ್ರಾಯೇಲ್ ಜನಾಂಗವು ತಾಯ್ನಾಡಿಗೆ ಮರಳುವುದರ ಚಿತ್ರವಾಗಿದೆ. ಮಣ್ಣಿನಲ್ಲಿ ನಿದ್ರಿಸುವವರಲ್ಲಿ ಅನೇಕರು ಎಚ್ಚೆತ್ತು, ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯ ಅವಮಾನಕ್ಕೂ ಗುರಿಯಾಗುವರೆಂಬ ಸ್ಪಷ್ಟ ಮಾತು ದಾನಿಯೇಲನ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಬರುತ್ತದೆ. ಬಹುಪಾಲು ವಿದ್ವಾಂಸರು ಈ ಭಾಗವನ್ನು ಕ್ರಿ.ಪೂ. 165ರ ಸುಮಾರಿನದೆಂದು ಎಣಿಸುತ್ತಾರೆ. ಆ ಹೊತ್ತಿಗೆ ಯೆಹೂದ್ಯರ ನಾಡನ್ನು ಆಳುತ್ತಿದ್ದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನು ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿ, ಸುನ್ನತಿಯನ್ನೂ ಸಬ್ಬತ್ತನ್ನೂ ನಿಷೇಧಿಸಿದ್ದನು. ಧರ್ಮವನ್ನು ಪಾಲಿಸಿದವರಿಗೆ ದೀರ್ಘಾಯುಷ್ಯ ದೊರೆಯುವುದೆಂಬ ಹಳೆಯ ಲೆಕ್ಕವು, ಪಾಲಿಸಿದ್ದಕ್ಕಾಗಿಯೇ ಜನರು ಕೊಲ್ಲಲ್ಪಡತೊಡಗಿದಾಗ, ಕುಸಿದುಬಿತ್ತು. ಈ ಹಿಂಸೆಯ ಕಾಲವನ್ನು ಹೇಳುವ ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ ತಾಯಿಯ ಕಣ್ಣೆದುರಿಗೇ ಕೊಲೆಯಾಗುವ ಏಳು ಸಹೋದರರ ಪ್ರಸಂಗವಿದೆ. ಅವರಲ್ಲಿ ಮೂರನೆಯವನು ತನ್ನ ಕೈಗಳನ್ನು ಚಾಚಿ, ಇವನ್ನು ಪರಲೋಕದಿಂದ ಪಡೆದೆನು, ಅಲ್ಲಿಂದಲೇ ಮರಳಿ ಪಡೆಯುವೆನು ಎನ್ನುತ್ತಾನೆ. ಕತ್ತರಿಸಿದ ಕೈಯನ್ನೇ ಹಿಂದಿರುಗಿಸದ ನ್ಯಾಯವು ನ್ಯಾಯವಲ್ಲ ಎಂಬ ಈ ಹಟದಿಂದಲೇ, ಆತ್ಮವಷ್ಟೇ ಉಳಿದರೆ ಸಾಲದು, ಶರೀರವೂ ಏಳಬೇಕು ಎಂಬ ನಂಬಿಕೆ ಗಟ್ಟಿಯಾಯಿತೆಂದು ಉಪನ್ಯಾಸಕರು ವಿವರಿಸಿದ್ದು ಇಡೀ ಸರಣಿಯ ಸಾರವೆಂದು ನಾನು ಭಾವಿಸುತ್ತೇನೆ.

ಯೇಸುವಿನ ಕಾಲದ ಎರಡು ಯೆಹೂದ್ಯ ಪಂಗಡಗಳಲ್ಲಿ ಫರಿಸಾಯರು ಈ ನಂಬಿಕೆಯನ್ನು ಹಿಡಿದರೆ ಸದ್ದುಕಾಯರು ನಿರಾಕರಿಸಿದರು. ಯೇಸು ಈ ವಾದದಲ್ಲಿ ಫರಿಸಾಯರ ಪಕ್ಷದಲ್ಲಿ ನಿಂತದ್ದನ್ನು ಕೇಳಿ, ಫರಿಸಾಯರೆಂದರೆ ಬರೀ ಕಪಟಿಗಳೆಂದು ಚಿಕ್ಕಂದಿನಿಂದ ಕಲಿತು ಬಂದಿದ್ದ ಕೆಲವರು ಬೆರಗಾದರು. ಮುಂದೆ ಸತ್ತವರನ್ನು ಬದುಕಿಸುವ ದೇವರ ಸ್ತುತಿಯು ಯೆಹೂದ್ಯರ ನಿತ್ಯಪ್ರಾರ್ಥನೆಯಲ್ಲಿಯೇ ಸೇರಿತು. ಹನ್ನೆರಡನೆಯ ಶತಮಾನದ ಯೆಹೂದ್ಯ ವಿದ್ವಾಂಸ ಮೈಮೊನೈಡೀಸನು ಪಟ್ಟಿ ಮಾಡಿದ ಹದಿಮೂರು ತತ್ತ್ವಗಳಲ್ಲಿ ಹನ್ನೆರಡನೆಯದು ಮೆಸ್ಸೀಯನ ಆಗಮನವಾದರೆ ಕೊನೆಯದು ಪುನರುತ್ಥಾನ. ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆಯ ಹೆಸರಿನಿಂದ ಬಂದ ಗೆಹೆನ್ನವೆಂಬ ನರಕದಲ್ಲಿ ದುಷ್ಟರಿಗೆ ಹನ್ನೆರಡು ತಿಂಗಳ ದಂಡನೆಯೆಂದು ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾ ಹೇಳುವುದರಿಂದ, ತಂದೆತಾಯಿಗಾಗಿ ಮಕ್ಕಳು ಹೇಳುವ ಕದ್ದಿಶ್ ಪ್ರಾರ್ಥನೆಯನ್ನು ಹನ್ನೊಂದು ತಿಂಗಳಿಗೇ ನಿಲ್ಲಿಸುವ ರೂಢಿ ಬೆಳೆಯಿತು. ಪೂರ್ತಿ ವರ್ಷ ಹೇಳಿದರೆ ತಮ್ಮ ತಂದೆಯನ್ನು ದುಷ್ಟರ ಸಾಲಿಗೆ ತಾವೇ ಸೇರಿಸಿದಂತಾಗುವುದೆಂಬುದು ಅದರ ಹಿಂದಿನ ಸಂಕೋಚ. ನರಕದ ಬಗ್ಗೆ ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಈ ಒಂದು ವಿವರವೇ ನನಗೆ ಹೆಚ್ಚು ಮಾನವೀಯವಾಗಿ ತೋರಿತು.

ಪಾಠಕ್ರಮದ ದೊಡ್ಡ ಕೊರತೆಯೆಂದರೆ, ಅದು ಬೀದರಿನಲ್ಲಿ ನಡೆಯುತ್ತಿದೆ ಎಂಬುದರ ಅರಿವೇ ಅದಕ್ಕೆ ಇಲ್ಲದಿರುವುದು. ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಗೆ ಮುಸ್ಲಿಮರೂ ಲಿಂಗಾಯತರೂ ನಡೆದುಕೊಳ್ಳುವ ಜಿಲ್ಲೆ ಇದು. ಇಲ್ಲಿ ಕ್ರೈಸ್ತರು, ಮುಸ್ಲಿಮರು, ಲಿಂಗಾಯತರು ಮೂವರೂ ಶವವನ್ನು ಹೂಳುತ್ತಾರೆ. ಆದರೆ ಕಿಬ್ಲಾದ, ಅಂದರೆ ಮೆಕ್ಕಾದ, ಕಡೆಗೆ ಮುಖ ಮಾಡಿಸಿ ಮಲಗಿಸಿದವರು ಕಯಾಮತ್ತಿನ, ಅಂದರೆ ಅಂತಿಮ ತೀರ್ಪಿನ, ದಿನಕ್ಕಾಗಿ ಕಾಯುತ್ತಾರೆ, ಕೈಯಲ್ಲಿ ಇಷ್ಟಲಿಂಗವಿರಿಸಿ ಕೂರಿಸಿದವರು ಲಿಂಗೈಕ್ಯರಾದರೆಂಬ ನಂಬಿಕೆಯಲ್ಲಿ ಮರಳಿ ಏಳುವ ಪ್ರಶ್ನೆಯೇ ಉಳಿಯುವುದಿಲ್ಲ. ಹಿರಿಯರೊಬ್ಬರು ಎದ್ದು, ಈಸಾ (ಯೇಸು) ಮರಳಿ ಬರುವರೆಂದು ನಮ್ಮ ನೆರೆಮನೆಯ ಮುಸ್ಲಿಮರೂ ನಂಬುತ್ತಾರಲ್ಲ, ಇದಕ್ಕೂ ಅದಕ್ಕೂ ಸಂಬಂಧವೇನು ಎಂದು ಕೇಳಿದಾಗ, ಅದು ಪಠ್ಯದ ಹೊರಗಿನ ವಿಷಯವೆಂದು ಉತ್ತರ ಬಂದಿತು. ಆ ಸಂಜೆಯ ಅತ್ಯುತ್ತಮ ಪ್ರಶ್ನೆಗೆ ಅದು ಅತ್ಯಂತ ಬಡ ಉತ್ತರವಾಗಿತ್ತು.

ಮೆಸ್ಸೀಯನ ಕುರಿತ ತರಗತಿಯಲ್ಲಿ ಪ್ರಥಮ ಫಲದ ಹಬ್ಬವನ್ನು ವಿವರಿಸಿದ ಬಗೆ ಚೆನ್ನಾಗಿತ್ತು. ಪಸ್ಕದ ವಾರದಲ್ಲಿ ಬೆಳೆಯ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ವಿಧಿಯನ್ನು ಮೊದಲು ಹೇಳಿ, ಅಪೊಸ್ತಲನಾದ ಪೌಲನು ಕ್ರಿಸ್ತನನ್ನು ನಿದ್ರೆಹೋದವರಲ್ಲಿ ಪ್ರಥಮ ಫಲವೆಂದು ಕರೆದುದನ್ನು ಅದರ ಪಕ್ಕದಲ್ಲಿಟ್ಟಾಗ, ಒಬ್ಬನು ಎದ್ದದ್ದು ಉಳಿದ ಸುಗ್ಗಿಯ ಭರವಸೆಯೆಂಬ ವಾದ ರೈತಾಪಿ ಶ್ರೋತೃಗಳಿಗೆ ಕೂಡಲೇ ತಿಳಿಯಿತು. ಮೆಸ್ಸೀಯನು ಬರುವಾಗ ಹತ್ತಿರವಿರಬೇಕೆಂದು ಯೆರೂಸಲೇಮಿನ ಎಣ್ಣೆಮರಗಳ ಗುಡ್ಡದಲ್ಲಿ ಹೂಳಿಸಿಕೊಳ್ಳುವ ಯೆಹೂದ್ಯರ ಆಸೆಯನ್ನೂ ಇಲ್ಲಿಯೇ ಹೇಳಿದರು.

ಕೊನೆಯ ತರಗತಿಗಳು ಬೇರೆಯವರೇ ಸಿದ್ಧಪಡಿಸಿದಂತಿದ್ದವು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಇಪ್ಪತ್ತನೆಯ ಅಧ್ಯಾಯವನ್ನು, ಅಂದರೆ ಮೊದಲ ಪುನರುತ್ಥಾನ, ಸಾವಿರ ವರ್ಷಗಳ ಆಳ್ವಿಕೆ, ಬಿಳಿಯ ಮಹಾಸಿಂಹಾಸನ, ಬೆಂಕಿಯ ಕೆರೆ ಇವುಗಳನ್ನು, ಬಾಣದ ಗುರುತುಗಳ ನಕ್ಷೆಯಾಗಿ ಗೋಡೆಯ ಮೇಲೆ ಮೂಡಿಸಿ, ಇಂದಿನ ಸುದ್ದಿಗಳನ್ನು ಅದರ ಮೇಲೆ ಅಂಟಿಸಲಾಯಿತು. ಆ ಸಾವಿರ ವರ್ಷಗಳೆಂದರೆ ಕ್ರೈಸ್ತ ಸಭೆಯ ಈಗಿನ ಕಾಲವೇ ಎಂದು ಕ್ರೈಸ್ತ ಧರ್ಮಶಾಸ್ತ್ರಜ್ಞ ಅಗಸ್ಟೀನನು ಐದನೆಯ ಶತಮಾನದಲ್ಲಿಯೇ ಅರ್ಥೈಸಿದ್ದನು, ಅನೇಕ ಸಭೆಗಳು ಇಂದಿಗೂ ಹಾಗೆಯೇ ಓದುತ್ತವೆ. ಅದರ ಸುಳಿವೂ ಸಿಗಲಿಲ್ಲ. ಮರಣಕ್ಕೂ ಪುನರುತ್ಥಾನಕ್ಕೂ ನಡುವೆ ಸತ್ತವರು ಎಲ್ಲಿರುತ್ತಾರೆ, ಅವರಿಗೆ ಪ್ರಜ್ಞೆ ಇರುತ್ತದೆಯೇ ಎಂಬುದಕ್ಕೆ ಉಳಿದದ್ದು ಕೆಲವೇ ನಿಮಿಷಗಳು. ಮನೆಯಲ್ಲಿ ಸಾವಾದವರು ಮೊದಲು ಕೇಳುವುದು ಇದನ್ನೇ, ಸಾವಿರ ವರ್ಷಗಳ ಲೆಕ್ಕವನ್ನಲ್ಲ.

ಶುಲ್ಕವಿರಲಿಲ್ಲ, ಕಾಣಿಕೆಗೆ ಒತ್ತಾಯವಿರಲಿಲ್ಲ, ಯಾರನ್ನೂ ಮತಾಂತರಕ್ಕೆ ಕರೆಯಲಿಲ್ಲ. ಹಂಚಿದ ಟಿಪ್ಪಣಿಗಳ ಕನ್ನಡ ಶುದ್ಧವಾಗಿದೆ, ವಚನಗಳ ಸಂಖ್ಯೆಗಳೂ ಸರಿಯಾಗಿವೆ. ಹಿಂದಿನ ಸಾಲುಗಳಿಗೆ ಧ್ವನಿವರ್ಧಕ ಸರಿಯಾಗಿ ಕೇಳುವುದಿಲ್ಲವಾದ್ದರಿಂದ ಬೇಗ ಹೋಗಿ ಮುಂದೆ ಕುಳಿತುಕೊಳ್ಳುವುದು ಒಳ್ಳೆಯದು. ಭಾಲ್ಕಿ, ಹುಮನಾಬಾದಗಳಿಂದ ಬರುವವರು ರಾತ್ರಿಯ ಬಸ್ಸಿಗಾಗಿ ನಡುವೆ ಏಳಬೇಕಾಗುತ್ತದೆ; ಸಂಘಟಕರು ಅರ್ಧ ಗಂಟೆ ಮೊದಲೇ ಆರಂಭಿಸಬಹುದು. ಸರಣಿ ಮತ್ತೆ ನಡೆದರೆ ಮಕ್ಕಬಿಯರಿಂದ ಪ್ರಥಮ ಫಲದವರೆಗಿನ ತರಗತಿಗಳಿಗೆ ಯಾವ ಧರ್ಮದವರಾದರೂ ಧಾರಾಳವಾಗಿ ಹೋಗಬಹುದು. ನಕ್ಷೆಯ ಸಂಜೆಗಳಂದು ಬಸ್ಸು ಹಿಡಿದು ಮನೆ ಸೇರಿದರೂ ನಷ್ಟವಿಲ್ಲ.