ಪೊರೆ ಕಳಚುವ ಕಾಲ: ಕಾರ್ನ್ ಸ್ನೇಕ್ ಸುಲಭವೋ, ಬಾಲ್ ಪೈಥಾನೋ?

ಅಮೆರಿಕದಲ್ಲಿ ಮೊದಲ ಬಾರಿ ಹಾವು ಸಾಕಹೊರಟವರು ಹೆಚ್ಚಾಗಿ ಈ ಎರಡರ ನಡುವೆ ತೂಗಿನೋಡುತ್ತಾರೆ. ಪೊರೆಯ ವಿಷಯದಲ್ಲಿ ನನ್ನ ಮತ ಕಾರ್ನ್ ಸ್ನೇಕ್‌ಗೆ. ಆಗ್ನೇಯ ಅಮೆರಿಕದ ಈ ಹಾವಿಗೆ ಶೇ. 40ರಿಂದ 60ರಷ್ಟು ತೇವಾಂಶ ಸಾಕು. ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಇಟ್ಟರೆ ಪೊರೆ ಸಾಮಾನ್ಯವಾಗಿ ಇಡಿಯಾಗಿ ಕಳಚುತ್ತದೆ.

ಆಫ್ರಿಕಾ ಮೂಲದ ಬಾಲ್ ಪೈಥಾನ್‌ಗೆ ಶೇ. 60ಕ್ಕಿಂತ ಹೆಚ್ಚು ಬೇಕು. ಚಳಿಗಾಲದಲ್ಲಿ ಹೀಟರ್ ಹಾಕಿದ ಒಣ ಮನೆಯಲ್ಲಿ ಅದರ ಪೊರೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದರೆ ರಕ್ತಸಂಚಾರಕ್ಕೇ ಕುತ್ತು. ಕಣ್ಣಿನ ಮೇಲೆ ಉಳಿದದ್ದನ್ನಂತೂ ಕೀಳಲೇಬೇಡಿ, ಪಶುವೈದ್ಯರಿಗೆ ತೋರಿಸಿ.

ಪೊರೆ ಕಳಚುವ ಮುನ್ನ ಕಣ್ಣು ಹಾಲುನೀಲಿಯಾದಾಗ ಎರಡಕ್ಕೂ ದೃಷ್ಟಿ ಮಂಜು. ಆಗ ಕೈಗೆತ್ತಿಕೊಳ್ಳಬೇಡಿ, ತಿನ್ನಲು ಒತ್ತಾಯಿಸಬೇಡಿ. ಬಾಲ್ ಪೈಥಾನೇ ಬೇಕೆಂದರೆ ತೇವಾಂಶ ಅಳೆಯುವ ಮೀಟರನ್ನು ಹಾವಿಗಿಂತ ಮೊದಲು ಕೊಳ್ಳಿ.