ವಿಎಫ್‌ಎಕ್ಸ್ ಕೋರ್ಸು ಹುಡುಕುವವರಿಗೆ: ಪ್ರಾಸ್ಪೆಕ್ಟಸ್ ಪಕ್ಕಕ್ಕಿಟ್ಟು ವಿದ್ಯಾರ್ಥಿಗಳ ಶಾಟ್ ನೋಡಿ

ನನ್ನ ಮಗಳು ಆನಿಮೇಷನ್ ಮತ್ತು ವಿಎಫ್‌ಎಕ್ಸ್ (ಸಿನಿಮಾ ದೃಶ್ಯಗಳನ್ನು ಕಂಪ್ಯೂಟರ್‌ನಲ್ಲಿ ಸೃಷ್ಟಿಸಿ ತಿದ್ದುವ ವಿದ್ಯೆ) ಬಿ.ಎಸ್‌ಸಿ.ಯ ಎರಡನೆಯ ವರ್ಷದಲ್ಲಿದ್ದಾಳೆ. ಸೇರುವ ಮೊದಲು ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಇಬ್ಬರೂ ಸಾಕಷ್ಟು ಅಲೆದಿದ್ದೇವೆ. ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿ ಈಗ ನನ್ನನ್ನು ವಿಚಾರಿಸುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿಟ್ಟುಬಂದ ಸಂಸ್ಥೆಗಳ ಹೆಸರನ್ನಾಗಲಿ, ಸೇರಿದ ಕಾಲೇಜಿನ ಹೆಸರನ್ನಾಗಲಿ ಹಾಕುತ್ತಿಲ್ಲ. ಈ ವಿದ್ಯೆಯಲ್ಲಿ ಒಬ್ಬ ಬೋಧಕರು ಬಿಟ್ಟುಹೋದರೆ ಅದೇ ಕಾಲೇಜು ಮರುವರ್ಷ ಬೇರೆಯೇ ಕಾಲೇಜಾಗಿರುತ್ತದೆ. ಹೆಸರಿಗಿಂತ ಏನನ್ನು ನೋಡಬೇಕು ಎಂಬುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತುಮಕೂರಿನ ಎಸ್.ಎಸ್. ಪುರಂನಲ್ಲಿ ನನ್ನದು ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಆಲ್ಬಮ್ ಕೆಲಸ. ನಮ್ಮ ತಂದೆ ನೆಗೆಟಿವ್‌ಗಳ ಮೇಲೆ ಮೊನಚಾದ ಪೆನ್ಸಿಲ್ ಹಿಡಿದು ಮುಖದ ಕಲೆ ತಿದ್ದುತ್ತಿದ್ದವರು. ಬೆಳಕು ಯಾವ ಕಡೆಯಿಂದ ಬಿದ್ದಿದೆ, ನೆರಳು ಎಷ್ಟು ಗಾಢವಾಗಿದೆ ಎಂದು ನೋಡುವುದೇ ನಮ್ಮ ಮನೆಯ ಕಸುಬು. ಕೋರ್ಸುಗಳನ್ನು ಅಳೆಯಲು ನನಗೆ ಆ ಕಣ್ಣೇ ಸಾಕಾಯಿತು.

ಮೊದಲು ಹೋದದ್ದು ನಮ್ಮ ಊರಿನದೇ ಒಂದು ತರಬೇತಿ ಕೇಂದ್ರಕ್ಕೆ. ಕೌನ್ಸೆಲರ್ ಆದರದಿಂದ ಕೂರಿಸಿ ಸಾಫ್ಟ್‌ವೇರ್‌ಗಳ ಪಟ್ಟಿ ಕೊಟ್ಟರು: ಮಾಯಾ, ನ್ಯೂಕ್, ಹೂಡಿನಿ, ಆಫ್ಟರ್ ಎಫೆಕ್ಟ್ಸ್, ಇನ್ನೂ ಅನೇಕ. ಹದಿಮೂರು ತಿಂಗಳಲ್ಲಿ ಇಷ್ಟನ್ನೂ ಕಲಿಸುತ್ತಾರಂತೆ. ಪಟ್ಟಿ ಉದ್ದವಾದಷ್ಟೂ ನನ್ನ ಅನುಮಾನ ಹೆಚ್ಚಿತು. ಹೂಡಿನಿಯೊಂದರಲ್ಲೇ ನೀರು, ಹೊಗೆ, ಬೆಂಕಿ ಮಾಡುವುದನ್ನು ಕಲಿಯಲು ವರ್ಷಗಟ್ಟಲೆ ಕೂರುವವರಿದ್ದಾರೆ. ನಾನು ಕೇಳಿದ್ದು ಒಂದೇ: "ನಿಮ್ಮ ವಿದ್ಯಾರ್ಥಿಗಳು ಮಾಡಿದ ಕೆಲಸ ತೋರಿಸುತ್ತೀರಾ, ಸರ್?"

ತೋರಿಸಿದರು. ಗ್ರೀನ್ ಮ್ಯಾಟ್, ಎಂದರೆ ಹಸಿರು ಪರದೆಯ ಮುಂದೆ ನಿಂತ ಹುಡುಗನನ್ನು ಹಿಮದ ಬೆಟ್ಟದ ಮೇಲೆ ನಿಲ್ಲಿಸಿದ ಶಾಟ್. ಬೆಟ್ಟದಲ್ಲಿ ಸೂರ್ಯ ಎಡಗಡೆ ಇದ್ದಾನೆ, ಹುಡುಗನ ಮುಖಕ್ಕೆ ಬೆಳಕು ಬಲಗಡೆಯಿಂದ ಬಿದ್ದಿದೆ. ದೂರದ ಬೆಟ್ಟದ ಕಪ್ಪು ಭಾಗ ಮಂಜಿನಿಂದಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಹುಡುಗನ ತಲೆಗೂದಲು ಇದ್ದಿಲಿನಷ್ಟು ಕಪ್ಪು. ಭುಜದ ಅಂಚಿನಲ್ಲಿ ಹಸಿರು ಉಳಿದುಕೊಂಡಿದೆ. ಸ್ಪಿಲ್ ಎಂದು ಕರೆಯುವುದು ಅದನ್ನೇ. ಬೆಳಕಿನ ದಿಕ್ಕಿನ ಬಗ್ಗೆ ಕೇಳಿದಾಗ "ಅದು ಕಲರ್ ಗ್ರೇಡಿಂಗ್‌ನಲ್ಲಿ ಸರಿಹೋಗುತ್ತದೆ" ಎಂಬ ಉತ್ತರ ಬಂತು. ಗ್ರೇಡಿಂಗ್ ಎಂದರೆ ಕೊನೆಯಲ್ಲಿ ಚಿತ್ರದ ಬಣ್ಣ, ಹೊಳಪು ತಿದ್ದುವುದು. ಬಲದ ಬೆಳಕನ್ನು ಎಡಕ್ಕೆ ತಿರುಗಿಸುವ ಗ್ರೇಡಿಂಗ್ ಇಲ್ಲ. ಚಿತ್ರೀಕರಿಸುವ ದಿನವೇ ದೀಪವನ್ನು ಎಡಕ್ಕೆ ಇಡಬೇಕಿತ್ತು, ಅದನ್ನು ಆ ಹುಡುಗನಿಗೆ ಯಾರಾದರೂ ಹೇಳಬೇಕಿತ್ತು. ಇನ್ನೂ ನಾಲ್ಕು ಮಕ್ಕಳ ಶೋರೀಲ್, ಎಂದರೆ ಕೆಲಸ ಕೇಳುವಾಗ ತೋರಿಸುವ ಮಾದರಿ ವಿಡಿಯೊ, ತೋರಿಸಿದರು. ಅದೇ ಬೆಟ್ಟ, ಅದೇ ಹುಡುಗ. ಎಲ್ಲರಿಗೂ ಒಂದೇ ಕ್ಲಿಪ್ ಕೊಟ್ಟು ಅಭ್ಯಾಸ ಮಾಡಿಸಿ, ಅದನ್ನೇ ಶೋರೀಲ್‌ಗೂ ಹಾಕಿಸಿದ್ದರು. ಕೆಲಸ ಕೊಡುವವರ ಮುಂದೆ ಐದು ಮಕ್ಕಳೂ ಒಂದೇ ಬೆಟ್ಟ ಹಿಡಿದು ನಿಂತರೆ ಯಾರ ಕೈಚಳಕ ಯಾವುದೆಂದು ಹೇಗೆ ತಿಳಿಯಬೇಕು?

ಮದುವೆ ವಿಡಿಯೊ ಎಡಿಟಿಂಗ್ ಕಲಿಯುವವರಿಗೆ ಆ ಕೇಂದ್ರ ಖಂಡಿತ ಒಳ್ಳೆಯದು. ಕಂಪ್ಯೂಟರ್‌ಗಳು ಚೆನ್ನಾಗಿವೆ, ಮಕ್ಕಳು ಶ್ರದ್ಧೆಯಿಂದ ಕೂತಿದ್ದರು. ನನಗೆ ಕೋಪ ಬಂದದ್ದು ಪದವಿಯ ಮಾತಿನಲ್ಲಿ. ಡಿಪ್ಲೊಮಾ ಜೊತೆಗೆ ಹೊರರಾಜ್ಯದ ವಿಶ್ವವಿದ್ಯಾಲಯವೊಂದರ "ಯುಜಿಸಿ ಮಾನ್ಯತೆಯ ಪದವಿ"ಯನ್ನೂ ಅಲ್ಲಿಂದಲೇ ಕೊಡಿಸುವುದಾಗಿ ಹೇಳಿದರು. ವಿಶ್ವವಿದ್ಯಾಲಯಗಳು ತಮ್ಮ ಪದವಿಯನ್ನು ಖಾಸಗಿ ಕೋಚಿಂಗ್ ಕೇಂದ್ರಗಳ ಮೂಲಕ ಫ್ರಾಂಚೈಸಿಯಾಗಿ ನಡೆಸುವುದನ್ನು ಯುಜಿಸಿ ಒಪ್ಪುವುದಿಲ್ಲ. ಇಂಥ ಮಾತು ಕೇಳಿದರೆ ವಿಶ್ವವಿದ್ಯಾಲಯದ ಸಂಯೋಜನೆಯ (ಅಫಿಲಿಯೇಷನ್) ಪತ್ರ ತೋರಿಸಿ ಎನ್ನಿ. ಇನ್ನೊಂದು ಸುಲಭದ ಗುರುತು ಫೀಸಿನ ರಸೀದಿಯಲ್ಲೇ ಇದೆ. ಕಾನೂನಿನ ಮಾನ್ಯತೆಯಿರುವ ಪದವಿಯ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ, ಖಾಸಗಿ ತರಬೇತಿಗೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಬಾಯಲ್ಲಿ ಪದವಿ ಎಂದು ಹೇಳಿ ಅಂದಾಜು ಪಟ್ಟಿಯಲ್ಲಿ ಶೇ 18 ಸೇರಿಸಿದ್ದರೆ ಅಲ್ಲಿಯೇ ಕುಳಿತು ವಿವರಣೆ ಕೇಳಿ. ಯಾವ ಕಾಲೇಜಾದರೂ ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳಲು ಬಿಡಬೇಡಿ. ಪರಿಶೀಲಿಸಿ ಹಿಂದಿರುಗಿಸಬೇಕೆಂದು ಯುಜಿಸಿ 2018ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ.

ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಾಗಿಲಲ್ಲೇ ರಾಕ್ಷಸನ ಪ್ರತಿಮೆ, ಗೋಡೆ ತುಂಬ ಕೆಲಸ ಸಿಕ್ಕವರ ಫೋಟೊ. ಪಾಠ ಮಾಡುವವರು ಯಾರೆಂದು ವಿಚಾರಿಸಿದರೆ ಹೆಚ್ಚಿನವರು ಹೋದ ವರ್ಷ ಅಲ್ಲಿಯೇ ಕಲಿತು ಮುಗಿಸಿದವರು. ಗೋಡೆಯ ಮೇಲೆ ಸರ್ಕಾರದ ಎವಿಜಿಸಿ ನೀತಿಯ ದೊಡ್ಡ ಫಲಕವೂ ಇತ್ತು. ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗಾಗಿ ಕರ್ನಾಟಕ ಸರ್ಕಾರ 2012ರಲ್ಲಿಯೇ ನೀತಿ ತಂದಿತು, ಈಗ 2024-29ರ ನೀತಿ ಜಾರಿಯಲ್ಲಿದೆ. ನಮ್ಮ ರಾಜ್ಯ ಈ ಕ್ಷೇತ್ರದಲ್ಲಿ ಮುಂದಿರುವುದು ನನಗೆ ಹೆಮ್ಮೆಯ ವಿಷಯ. ಆದರೆ ಸರ್ಕಾರದ ನೀತಿ ಇದೆ ಎಂಬುದರಿಂದ ಒಂದು ಖಾಸಗಿ ಸಂಸ್ಥೆಯ ಪಾಠದ ಗುಣಮಟ್ಟ ತಿಳಿಯುವುದಿಲ್ಲ.

ಈಗ ಸೇರಿದ ಕಾಲೇಜಿನ ವಿಷಯ. ಬೆಂಗಳೂರಿನ ಉತ್ತರ ಭಾಗದಲ್ಲಿದೆ, ರಾಜ್ಯದ ವಿಶ್ವವಿದ್ಯಾಲಯಕ್ಕೆ ಸಂಯೋಜಿತ, ಮೂರು ವರ್ಷದ ಪದವಿ. ಕಟ್ಟಡ ಸಾಧಾರಣ. ಫೀಸು ಕೇಳಿದಾಗ ಎದೆ ಸ್ವಲ್ಪ ಬಿಗಿಯಿತು, ದೊಡ್ಡ ಸಂಸ್ಥೆಯವರು ಹೇಳಿದ್ದಕ್ಕಿಂತ ಕಡಿಮೆಯೇ ಎಂಬುದಷ್ಟೇ ಸಮಾಧಾನ. ವಿಭಾಗದ ಬೋಧಕರೊಬ್ಬರು "ಮಧ್ಯಾಹ್ನ ಡೈಲೀಸ್ ಇದೆ, ಕುಳಿತು ನೋಡಿಕೊಂಡು ಹೋಗಿ" ಎಂದರು. ಮಗಳು ಅಲ್ಲಿಗೆ ಸೇರಲು ಆ ಮಧ್ಯಾಹ್ನವೇ ಕಾರಣ.

ಸ್ಟುಡಿಯೊಗಳಲ್ಲಿ ಆಯಾ ದಿನದ ಕೆಲಸವನ್ನು ಎಲ್ಲರೂ ಸೇರಿ ನೋಡಿ ತಿದ್ದುವುದಕ್ಕೆ ಡೈಲೀಸ್ ಎನ್ನುತ್ತಾರೆ. ಆ ಬೋಧಕರು ಸ್ಟುಡಿಯೊದಲ್ಲಿ ಕಾಂಪೋಸಿಟಿಂಗ್ (ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟ್ ಎನಿಸುವಂತೆ ಬೆಸೆಯುವ ಕೆಲಸ) ಮಾಡಿ ಬಂದವರು, ತರಗತಿಯನ್ನೂ ಹಾಗೆಯೇ ನಡೆಸುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಒಬ್ಬೊಬ್ಬರ ಶಾಟ್ ಪರದೆಯ ಮೇಲೆ ಸುತ್ತುತ್ತಿತ್ತು. ಒಬ್ಬ ಹುಡುಗ ದೇವಸ್ಥಾನದ ಗೋಪುರದ ಮುಂದೆ ಹಾದುಹೋಗಿದ್ದ ವಿದ್ಯುತ್ ತಂತಿಗಳನ್ನು ಅಳಿಸಿದ್ದ. ನನಗೆ ಒಂದು ತಂತಿಯೂ ಕಾಣಲಿಲ್ಲ. ಬೋಧಕರು ಮೊದಲು ಉಳಿದ ಮಕ್ಕಳನ್ನು ಕೇಳಿದರು, ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು: "ತಂತಿ ಹೋಗಿದೆ. ಗೋಡೆಯ ಮೇಲೆ ಬಿದ್ದಿರುವ ತಂತಿಯ ನೆರಳು?" ಹೌದು, ಗಾರೆಯ ಮೇಲೆ ಸಣ್ಣ ಗೆರೆಯೊಂದು ಹಾಗೆಯೇ ಇತ್ತು! ನಂತರ ಚಿತ್ರವನ್ನು ಹಿಗ್ಗಿಸಿ, ತಿದ್ದಿದ ಜಾಗದಲ್ಲಿ ಮಾತ್ರ ಗ್ರೇನ್, ಎಂದರೆ ಚಿತ್ರದ ಸಣ್ಣ ಕಣಗಳು, ಅಲುಗಾಡದೆ ನಿಂತಿರುವುದನ್ನು ತೋರಿಸಿದರು. ಸುತ್ತಲಿನ ಕಣಗಳು ಫ್ರೇಮಿನಿಂದ ಫ್ರೇಮಿಗೆ ಮಿಡಿಯುತ್ತಿರುವಾಗ ಅಲ್ಲಿ ಮಾತ್ರ ತೇಪೆ ಹಾಕಿದಂತಿತ್ತು. ಹುಡುಗ ಎಲ್ಲವನ್ನೂ ಬರೆದುಕೊಂಡ. ಪ್ರತಿಯೊಂದು ಶಾಟ್‌ಗೂ ಒಂದು ಹಾಳೆ. ಯಾವ ಆವೃತ್ತಿಗೆ ಏನು ಹೇಳಿದರು, ಮುಂದಿನದರಲ್ಲಿ ಅದು ಸರಿಹೋಯಿತೇ ಎಂದು ಅದರಲ್ಲಿ ನಮೂದಾಗುತ್ತದೆ. ಹಳೆಯ ಹಾಳೆಗಳನ್ನು ತಿರುವಿ ನೋಡಿದೆ. ಮುಚ್ಚುಮರೆಯಿಲ್ಲದೆ ತೋರಿಸಿದರು.

ಸೇರಿದ ಮೇಲೆ ಮಗಳಿಗೂ ಅದೇ ಶಿಸ್ತು. ಮೊದಲ ವರ್ಷ ಅವಳ ಪಾಲಿಗೆ ಬಂದದ್ದು ರೋಟೊ, ಎಂದರೆ ಚಲಿಸುವ ವ್ಯಕ್ತಿಯ ಅಂಚನ್ನು ಫ್ರೇಮ್ ಫ್ರೇಮಿಗೂ ಬಿಡಿಸಿ ಹಿನ್ನೆಲೆಯಿಂದ ಬೇರೆ ಮಾಡುವುದು. ಅಮಾನಿಕೆರೆ ಏರಿಯ ಮೇಲೆ ಗೆಳತಿಯೊಬ್ಬಳು ರೇಷ್ಮೆ ಸೀರೆಯುಟ್ಟು ನಡೆದುಬರುವುದನ್ನು ಅವಳೇ ಚಿತ್ರೀಕರಿಸಿದಳು. ಐದು ಸೆಕೆಂಡಿನ ಶಾಟ್. ಸೆಕೆಂಡಿಗೆ 24ರಂತೆ 120 ಫ್ರೇಮ್. ಗಾಳಿಗೆ ಸೆರಗು ಹಾರುತ್ತದೆ, ಕೂದಲು ಕೆದರುತ್ತದೆ. ತಿಂಗಳುಗಟ್ಟಲೆ ಅದು ಹಿಂದಿರುಗಿ ಬರುತ್ತಲೇ ಇತ್ತು. ಸೆರಗು ವೇಗವಾಗಿ ಬೀಸುವಾಗ ಕ್ಯಾಮೆರಾದಲ್ಲಿ ಅಂಚು ಮಸುಕಾಗಿರುತ್ತದೆ, ಇವಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೂಪಾಗಿ ಬಿಡಿಸಿದ್ದಳು ಎಂಬುದೇ ದೊಡ್ಡ ಆಕ್ಷೇಪ. "ಅಪ್ಪ, ಯಾರಿಗೂ ಕಾಣುವುದೇ ಇಲ್ಲ, ಆದರೂ ಬಿಡುವುದಿಲ್ಲ" ಎಂದು ಅತ್ತಳು. ನನಗೆ ಕಂಡಿತ್ತು. ಕಾಲೇಜಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಆ ದಿನಗಳಲ್ಲೇ.

ಮಕ್ಕಳು ಯಾವ ಬಗೆಯ ಫೈಲಿನಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನೂ ವಿಚಾರಿಸಿ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಹಂತಗಳು. ಆಕಾಶದ ಬೆಳಕನ್ನು ಸ್ವಲ್ಪ ಏರಿಸಿ ಇಳಿಸಿದರೂ ಪಟ್ಟೆಗಳು ಮೂಡುತ್ತವೆ. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆ ರೂಪಿಸಿ 2003ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಓಪನ್ ಇಎಕ್ಸ್‌ಆರ್ ಎಂಬ ಬಗೆಯ ಫೈಲಿನಲ್ಲಿ ಬೆಳಕಿನ ವಿವರ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಳಿಯುತ್ತದೆ. ಸ್ಟುಡಿಯೊಗಳಲ್ಲಿ ನಡೆಯುವುದು ಅದರಲ್ಲೇ. ಬೋಧಕರಿಗೆ ಇಎಕ್ಸ್‌ಆರ್ ಎಂದರೆ ಮುಖ ಅರಳಬೇಕು. ಎಂಪಿ4 ಕ್ಲಿಪ್ ಸಾಕು ಎನ್ನುವ ಕಡೆ ಹಣ ಕಟ್ಟಬೇಡಿ.

ಮನೆಯಲ್ಲಿ ನನ್ನ ತಾಯಿ ಮೊದಲು ಒಪ್ಪಿರಲಿಲ್ಲ. ಸಿನಿಮಾ ಸಹವಾಸ ಹೆಣ್ಣುಮಗಳಿಗೆ ಏಕೆ ಎಂದಿದ್ದರು. ಅವರ ತವರು ಗುಬ್ಬಿ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದ ಕಥೆಯನ್ನು ಕೇಳಿಕೊಂಡು ಬೆಳೆದವರು. "ಇವಳು ಕಲಿಯುವುದು ಆನೆ ಇಲ್ಲದೆಯೇ ಆನೆಯನ್ನು ತರುವ ವಿದ್ಯೆ, ಅವ್ವ" ಎಂದೆ. ಹಾಗಾದರೆ ಕಲಿಯಲಿ ಎಂದರು.

ಕೆಲಸದ ವಿಷಯದಲ್ಲಿ ತಂದೆತಾಯಿಗೆ ಯಾರೂ ಸಕ್ಕರೆ ಸವರಿ ಹೇಳಬಾರದು. ಕಾಂಪೋಸಿಟಿಂಗ್ ಕಡೆಗೆ ಹೋಗುವವರಿಗೆ ಮೊದಲ ಕೆಲಸ ಸಾಮಾನ್ಯವಾಗಿ ರೋಟೊ ಅಥವಾ ಪೇಂಟ್ (ತಂತಿಯಂಥ ಬೇಡದ್ದನ್ನು ಅಳಿಸುವ) ವಿಭಾಗದಲ್ಲಿ, ಸಂಬಳ ಸಣ್ಣದು, ಡೆಡ್‌ಲೈನ್ ಬಂದರೆ ರಾತ್ರಿಯೂ ಕೂರಬೇಕು. ಸ್ಟುಡಿಯೊ ದೊಡ್ಡದೆಂದ ಮಾತ್ರಕ್ಕೆ ಭದ್ರವೂ ಅಲ್ಲ. ಹಾಲಿವುಡ್‌ನ ಹೆಸರಾಂತ ರಿದಮ್ ಆ್ಯಂಡ್ ಹ್ಯೂಸ್ 2013ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ತನ್ನ ಕೆಲಸಕ್ಕೆ ಆಸ್ಕರ್ ಬಂದ ತಿಂಗಳಲ್ಲೇ. 2025ರ ಫೆಬ್ರುವರಿಯಲ್ಲಿ ವಿಎಫ್‌ಎಕ್ಸ್ ಸ್ಟುಡಿಯೊಗಳ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿ ಅದರ ಕೆಲಸಗಾರರೂ ಬೀದಿಗೆ ಬಿದ್ದರು. ಯಂತ್ರವೂ ಕಲಿಯುತ್ತಿದೆ: 2021ರಿಂದ ನ್ಯೂಕ್‌ನಲ್ಲಿರುವ ಕಾಪಿಕ್ಯಾಟ್ ಎಂಬ ಸಲಕರಣೆಗೆ ಕಲಾವಿದರು ಕೆಲವು ಫ್ರೇಮ್ ಮಾಡಿಕೊಟ್ಟರೆ ಅದನ್ನು ನೋಡಿ ಉಳಿದವನ್ನು ತಾನೇ ಮಾಡಲು ಯತ್ನಿಸುತ್ತದೆ. ಹೀಗಿರುವಾಗ ಗುಂಡಿ ಒತ್ತುವುದನ್ನಷ್ಟೇ ಕಲಿಸುವ ಕೋರ್ಸಿಗೆ ಲಕ್ಷಗಟ್ಟಲೆ ಸುರಿಯುವುದು ಮಕ್ಕಳಿಗೆ ಅನ್ಯಾಯ. ಯಂತ್ರ ಮಾಡಿದ್ದರಲ್ಲಿ ತಪ್ಪೆಲ್ಲಿದೆ ಎಂದು ಕಾಣುವ ಕಣ್ಣಿಗೆ ಕೆಲಸ ಇದ್ದೇ ಇರುತ್ತದೆ. ಹೆಸರಾಂತ ಸಿನಿಮಾ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಇಬ್ಬರೂ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಅವರ ಕಾಲದ ಯಂತ್ರಗಳು ಇಂದು ಇಲ್ಲ, ಅವರು ಬೆಳಕು ಇಟ್ಟ ರೀತಿಯನ್ನು ಇವತ್ತಿಗೂ ಕೂತು ಕಲಿಯುತ್ತೇವೆ.

ಹಣ ಕಟ್ಟುವ ಮೊದಲು ಪರೀಕ್ಷೆಯ ರಜೆಯಲ್ಲಿ ಮನೆಯಲ್ಲೇ ಮಗುವನ್ನು ಕೂರಿಸಿ ನೋಡಿ, ಖರ್ಚಿಲ್ಲ. 3ಡಿ ಕೆಲಸದ ಬ್ಲೆಂಡರ್ ಪೂರ್ತಿ ಉಚಿತ. ಎಡಿಟಿಂಗ್‌ನ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕಾಂಪೋಸಿಟಿಂಗ್‌ಗೆ ಬೇಕಾದ ಫ್ಯೂಷನ್ ಸೇರಿಕೊಂಡೇ ಬರುತ್ತದೆ. ನ್ಯೂಕ್, ಹೂಡಿನಿ ಎರಡಕ್ಕೂ ಕಲಿಯುವವರಿಗಾಗಿ ಶುಲ್ಕವಿಲ್ಲದ ಆವೃತ್ತಿಗಳಿವೆ. ಚಿತ್ರದ ಅಳತೆಗೆ ಮಿತಿ ಇದೆ, ಕಲಿಯಲು ಧಾರಾಳವಾಯಿತು. ಮೊಬೈಲ್‌ನಲ್ಲಿ ತೆಗೆದ ಒಂದು ಶಾಟ್‌ನಿಂದ ಒಂದೇ ಒಂದು ಕಂಬ ಅಳಿಸಲು ಹೇಳಿ. ಎರಡನೆಯ ವಾರವೂ ಅದರ ಮುಂದೆ ಕೂತಿದ್ದರೆ ಕಾಲೇಜು ಹುಡುಕಿ. ಪಿಯುಸಿಯಲ್ಲಿ ಓದಿದ್ದು ಕಲಾ ವಿಭಾಗ, ವಾಣಿಜ್ಯ ವಿಭಾಗ ಎಂದು ಹಿಂಜರಿಯುವುದು ಬೇಡ. ಹೊಗೆ, ನೀರಿನ ಎಫೆಕ್ಟ್ಸ್ ಕಡೆ ಒಲವಿದ್ದರೆ ಮಾತ್ರ ಗಣಿತ ಬಹಳ ಕೈಹಿಡಿಯುತ್ತದೆ.

ನಮ್ಮ ಕಾಲೇಜಿನಲ್ಲಿ ಕೊರತೆಗಳೂ ಇವೆ. ಇಡೀ ತರಗತಿಗೆ ಒಂದೇ ಒಳ್ಳೆಯ ಕ್ಯಾಮೆರಾ. ಸಂಜೆ ಐದಕ್ಕೆ ಲ್ಯಾಬ್‌ಗೆ ಬೀಗ ಹಾಕುತ್ತಾರೆ. ತುಮಕೂರಿನಿಂದ ರೈಲಿನಲ್ಲಿ ಹೋಗಿಬರುವ ನನ್ನ ಮಗಳಿಗೆ ಅದರಿಂದ ಅನುಕೂಲವಾದರೂ ಅಲ್ಲಿಯೇ ಪಿ.ಜಿ.ಗಳಲ್ಲಿರುವ ಮಕ್ಕಳಿಗೆ ನಷ್ಟ. ರೆಂಡರ್‌ಗೆ, ಎಂದರೆ ಕಂಪ್ಯೂಟರ್ ಅಂತಿಮ ಚಿತ್ರ ಸಿದ್ಧಪಡಿಸಲೆಂದು, ಹಾಕಿ ಬಂದದ್ದು ಬೆಳಿಗ್ಗೆ ಹೋಗಿ ನೋಡಿದರೆ ಅರ್ಧಕ್ಕೆ ನಿಂತಿರುತ್ತದೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಚಿತ್ರಕಲೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಪತ್ರಿಕೆಯ ಶಾಸ್ತ್ರ ಮಾಡಿ ಬಿಟ್ಟಿದ್ದಾರೆ. ಕೈಯಲ್ಲಿ ನೆರಳು ಬಿಡಿಸದವರಿಗೆ ಪರದೆಯ ಮೇಲಿನ ನೆರಳಿನ ತಪ್ಪು ಬೇಗ ಹೊಳೆಯುವುದಿಲ್ಲ ಎಂದು ಪೋಷಕರ ಸಭೆಯಲ್ಲಿ ಎದ್ದುನಿಂತು ಹೇಳಿದೆ, ಇನ್ನೂ ಕೆಲವರು ದನಿಗೂಡಿಸಿದರು. ವಾರಕ್ಕೊಮ್ಮೆ ಸ್ಕೆಚಿಂಗ್ ಇಡುವುದಾಗಿ ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ. ಮುಂದಿನ ಸೆಮಿಸ್ಟರ್‌ನ ವೇಳಾಪಟ್ಟಿ ಬಂದಾಗ ಅದು ಇದೆಯೇ ಎಂದು ಮೊದಲು ನೋಡುತ್ತೇನೆ, ಇಲ್ಲದಿದ್ದರೆ ಮತ್ತೆ ಹೋಗಿ ಕೇಳುತ್ತೇನೆ.